ಎರಡೂ ಆಟೀನ್ ಎಂದು ಕಾಲ್ ಮಾಡುವವರಿಗೆ

ನಿನ್ನೆ ಕಾಸರಗೋಡಿನ ಬದಿಯಡ್ಕದ ಹತ್ತಿರ ನೆಂಟರ ಮನೆಯಲ್ಲಿ ಉಪನಯನ. ಊಟ ಆಗಿ, ಹಿರಿಯರ ಇಪ್ಪತ್ತೆಂಟು ಎಂಬ ಎಲೆಯಾಟವೂ ಮುಗಿದ ಮೇಲೆ ಹುಡುಗರು ಜಗಲಿಯಲ್ಲಿ ಪೋಕರಿಗೆ ಕೂತರು. ದುಡ್ಡಿಲ್ಲ, ಚೆನ್ನೆಮಣೆಯ ಮಂಜೊಟ್ಟಿ ಬೀಜಗಳೇ ಪಣದ ಚಿಪ್ಸ್. ಎಲೆ ಕಂಡಲ್ಲಿಂದ ನಾನು ಏಳುವವನಲ್ಲ ಎಂದು ನಿಮಗೆ ಗೊತ್ತೇ ಇದೆ. ಅಕ್ಕನ ಮಗನ ಹಿಂದೆ ಕೂತು ನೋಡಿದೆ. ಅವನ ಕೈಯಲ್ಲಿ ಆಟೀನ್ (ಹಾರ್ಟ್) ಗುಲಾಮ, ಆಟೀನ್ ನಾಲ್ಕು. ಎದುರಿನವ ಮುಷ್ಟಿ ತುಂಬ ಬೀಜ ಇಟ್ಟು ರೇಸ್ ಮಾಡಿದ, ಅಂದರೆ ಪಣ ಏರಿಸಿದ. ಇವ ಒಂದು ಕ್ಷಣವೂ ನಿಲ್ಲದೆ ಅಷ್ಟೇ ಬೀಜ ಇಟ್ಟು ಕಾಲ್ ಮಾಡಿದ, ಸೋತ. ಯಾಕೋ ಎಂದು ಆಮೇಲೆ ಕೇಳಿದರೆ, "ಮಾವ, ಎರಡೂ ಆಟೀನ್ ಅಲ್ವಾ, ಬಿಡುವುದು ಹೇಗೆ?"

ರಾತ್ರಿಯಿಡೀ ಇದೇ. ಇಸ್ಪೀಟು ಎರಡು ಬಂದವನೂ ಬಿಡಲಿಲ್ಲ, ಕಳಾವರ್ ಎರಡು ಬಂದವನೂ ಬಿಡಲಿಲ್ಲ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಈ ಅಭ್ಯಾಸ ನಮ್ಮ ಇಪ್ಪತ್ತೆಂಟರಿಂದಲೇ ಬಂದದ್ದು ಎಂಬುದು ನನ್ನ ಬಲವಾದ ನಂಬಿಕೆ. ಅಲ್ಲಿ ಮೊದಲ ನಾಲ್ಕು ಎಲೆ ನೋಡಿ ಎಷ್ಟು ಅಂಕ ಹಿಡಿಯುತ್ತೇನೆಂದು ಕರೆಯಬೇಕು. ಒಂದೇ ಜಾತಿಯವು (ಆಟೀನೋ ಇಸ್ಪೀಟೋ, ಒಂದೇ ಗುರುತಿನವು) ಮೂರು ಬಂದರೆ ಅದನ್ನೇ ತುರುಪು ಮಾಡಿ ಮುಚ್ಚಿಡಬಹುದು, ಆಗ ಆ ಜಾತಿಯ ಏಳು ಕೂಡ ಬೇರೆ ಜಾತಿಯ ಗುಲಾಮನನ್ನು ಹೊಡೆಯುತ್ತದೆ. ಅದರ ಮೇಲೆ ಗುಲಾಮನೇ ಅಲ್ಲಿ ಎಲ್ಲಕ್ಕಿಂತ ದೊಡ್ಡವ, ಅವನಿಗೆ ಮೂರು ಅಂಕ. ಸಣ್ಣಂದಿನಿಂದ ಅದನ್ನೇ ನೋಡಿ ಬೆಳೆದ ಕಣ್ಣಿಗೆ ಆಟೀನ್ ಗುಲಾಮ, ಜತೆಗೆ ಇನ್ನೊಂದು ಆಟೀನ್ ಎಂದರೆ ಬಲವಾದ ಕೈ ಅನಿಸದೆ ಇರುತ್ತದೆಯೇ? ಆದರೆ ಪೋಕರಿನಲ್ಲಿ ತುರುಪು ಇಲ್ಲ. ನಾಲ್ಕು ಜಾತಿಯೂ ಸಮ. ಗುಲಾಮನ ಮೇಲೆ ರಾಣಿ, ರಾಜ, ಎಕ್ಕ ಮೂವರು ಇದ್ದಾರೆ. ಜಾತಿ ಬೆಲೆ ಪಡೆಯುವುದು ಒಂದೇ ಜಾತಿಯ ಐದು ಎಲೆ ಸೇರಿ ಫ್ಲಶ್ ಆದಾಗ ಮಾತ್ರ, ನಮ್ಮ ಕೈಯಲ್ಲಿರುವುದು ಎರಡು, ಉಳಿದವು ಎಲ್ಲರಿಗೂ ಕಾಣುವಂತೆ ನೆಲಕ್ಕೆ ಬೀಳುವ ಐದು ಎಲೆಗಳಿಂದ ಬರಬೇಕು.

ಆ ಐದು ಸೇರುವುದು ಎಷ್ಟು ಅಪರೂಪ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. 52 ಎಲೆಗಳಿಂದ ಎರಡು ಎಲೆಯ ಕೈ 1,326 ಬಗೆಯಲ್ಲಿ ಬರಬಹುದು. ಅದರಲ್ಲಿ 312 ಒಂದೇ ಜಾತಿಯವು, ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು. ಹಾಗೆ ಬಂದದ್ದನ್ನೆಲ್ಲ ಆಡುತ್ತೇನೆ ಎಂದರೆ ನಾಲ್ಕು ಆಟಕ್ಕೊಮ್ಮೆ ಬರೀ ಜಾತಿಗಾಗಿ ಬೀಜ ಸುರಿಯುತ್ತೀರಿ ಎಂದಾಯಿತು. ಫ್ಲಾಪಿನ, ಅಂದರೆ ನೆಲಕ್ಕೆ ಮೊದಲು ಬೀಳುವ, ಮೂರೂ ಎಲೆ ನಿಮ್ಮ ಜಾತಿಯವೇ ಆಗಿ ಅಲ್ಲೇ ಫ್ಲಶ್ ಆಗುವುದು ಸುಮಾರು 119 ಸಲಕ್ಕೆ ಒಮ್ಮೆ. ಎರಡು ಬಂದು, ಇನ್ನೊಂದಕ್ಕೆ ಕಾಯುವ ಸ್ಥಿತಿ ಆಗುವುದು ನೂರಕ್ಕೆ 11 ಸಲ. ಉಳಿದ 88 ಸಲ ಕೈಯಲ್ಲಿ ಉಳಿಯುವುದು ಬರೀ ಒಂದು ಗುಲಾಮ, ಒಂದು ನಾಲ್ಕು. ಯಾರೂ ನಿಮ್ಮನ್ನು ಓಡಿಸದೆ ನೆಲದ ಕೊನೆಯ ಎಲೆಯಾದ ರಿವರ್ ತನಕ ಕೂರಗೊಟ್ಟರೂ ಫ್ಲಶ್ ಆಗುವುದು ನೂರಕ್ಕೆ 6.4. ಎಕ್ಕ-ರಾಜದಂಥ ಉತ್ತಮ ಕೈಯನ್ನೇ ನೋಡಿ. ಯಾವುದೋ ಒಂದು ಕೈಯ ಎದುರು ಒಂದೇ ಜಾತಿಯದ್ದಾದರೆ ಗೆಲ್ಲುವ ಸಾಧ್ಯತೆ ಸುಮಾರು ನೂರಕ್ಕೆ 67, ಬೇರೆ ಬೇರೆ ಜಾತಿಯಾದರೆ 65. ಜಾತಿ ಕೊಟ್ಟದ್ದು ಇಷ್ಟೇ. ಕೆಟ್ಟ ಕೈಯನ್ನು ಒಳ್ಳೆಯದು ಮಾಡುವ ಶಕ್ತಿ ಅದಕ್ಕಿಲ್ಲ.

ಇನ್ನು ನಾಲ್ಕು ಸೇರಿ ಐದನೆಯದಕ್ಕೆ ಕಾಯುವವರ ವಿಷಯ. ಇಲ್ಲಿ ನನಗೆ ಸಿಟ್ಟಿಗಿಂತ ಬೇಸರವೇ ಹೆಚ್ಚು, ಯಾಕೆಂದರೆ ಇದು ಎಂಟನೇ ಕ್ಲಾಸಿನ ಗಣಿತ. ಕಾಣದಿರುವ 47 ಎಲೆಗಳಲ್ಲಿ ನಿಮಗೆ ಬೇಕಾದವು 9. ಟರ್ನಿನಲ್ಲಿ, ಅಂದರೆ ನೆಲದ ನಾಲ್ಕನೆಯ ಎಲೆಯಾಗಿ, ಬರುವ ಸಾಧ್ಯತೆ ನೂರಕ್ಕೆ 19. ಟರ್ನ್, ರಿವರ್ ಎರಡೂ ಎಲೆ ಸೇರಿಸಿದರೆ 35. ಹುಡುಗರು ಈ 35ನ್ನೇ ಹಿಡಿದು ಕೂರುತ್ತಾರೆ. ಟರ್ನ್ ಬಂದ ಮೇಲೆ ಎದುರಿನವ ಇನ್ನೊಮ್ಮೆ ಕೇಳುತ್ತಾನೆ, ಆಗ ಮತ್ತೆ ಕೊಡಬೇಕು ಎಂಬುದು ಅವರ ಲೆಕ್ಕದಲ್ಲಿಲ್ಲ.

ನಮ್ಮ ಕಡೆ ಮರದ ಮೇಲಿನ ಅಡಿಕೆಯನ್ನು ಗುತ್ತಿಗೆ ಹಿಡಿಯುವವರು ಗೊನೆ ಎಣಿಸುತ್ತಾರೆ, ಕೊಳೆರೋಗಕ್ಕೆ ಎಷ್ಟು ಹೋದೀತೆಂದು ಕಳೆಯುತ್ತಾರೆ, ಆಮೇಲೆ ರೇಟು ಹೇಳುತ್ತಾರೆ. ತೋಟ ಚಂದ ಉಂಟು ಎಂದು ಕೇಳಿದಷ್ಟು ಕೊಟ್ಟು ಬರುವವ ಒಬ್ಬನೂ ಇಲ್ಲ. ಫ್ಲಶ್‌ಗೆ ಕಾಯುವುದೂ ಹಾಗೆಯೇ ರೇಟಿನ ಪ್ರಶ್ನೆ. ಪಾಟಿನಲ್ಲಿ (ಎಲ್ಲರೂ ಹಾಕಿದ ಪಣದ ರಾಶಿಯಲ್ಲಿ) 300 ಇದೆ, ಎದುರಿನವ 50 ಹಾಕಿದ: 50 ಕೊಟ್ಟರೆ 350 ಸಿಗುವ ಆಟ, ನೂರಕ್ಕೆ 12.5 ಸಲ ಗೆದ್ದರೂ ಸಾಕು, ಧಾರಾಳ ಕಾಲ್ ಮಾಡಿ. ಅವನೇ 300 ಹಾಕಿದರೆ ನಿಮಗೆ ನೂರಕ್ಕೆ 33 ಬೇಕು, ಇರುವುದು 19. ಎಲೆ ಬಿಟ್ಟು ಪ್ಯಾಕ್ ಮಾಡಿ. ಆದರೆ ಅದೇ 300 ಅವನ ಕೊನೆಯ 300 ಆಗಿದ್ದರೆ? ಮುಂದೆ ಕೇಳಲು ಅವನಲ್ಲಿ ಏನೂ ಉಳಿದಿಲ್ಲ, ಎರಡು ಎಲೆಯನ್ನೂ ನೋಡಬಹುದು, ಈಗ 35 ನಿಜವಾಗಿಯೂ ನಿಮ್ಮದು. ಕಾಲ್ ಮಾಡಬಹುದು. ಎಲೆ ಅದೇ, ಮೊತ್ತ ಅದೇ, ತೀರ್ಮಾನ ಬೇರೆ. ಈ ಆಟವನ್ನು ನಾನು ಇಷ್ಟು ಪ್ರೀತಿಸುವುದೇ ಇದಕ್ಕೆ. ಅದನ್ನು ಕಣ್ಣುಮುಚ್ಚಿ ಆಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಫ್ಲಶ್ ಬಂದರೂ ಗುಲಾಮ-ನಾಲ್ಕರ ಸಂಕಟ ಮುಗಿಯುವುದಿಲ್ಲ. ನೆಲದ ಮೇಲೆ ಮೂರು ಆಟೀನ್ ಬಿದ್ದದ್ದು ಎಲ್ಲರಿಗೂ ಕಾಣುತ್ತದೆ. ಏನೂ ಇಲ್ಲದವ ಒಂದು ಬೀಜವೂ ಹಾಕದೆ ಬಿಟ್ಟುಬಿಡುತ್ತಾನೆ. ರಾಣಿಯ ಫ್ಲಶ್ ಇದ್ದವ ಮಾತ್ರ ನಿಮ್ಮ ಜತೆ ಕೊನೆಯ ತನಕ ಬರುತ್ತಾನೆ, ಇದ್ದದ್ದನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ.

"ದೊಡ್ಡ ದೊಡ್ಡ ಆಟಗಾರರು ಇಂಥದ್ದೇ ಎಲೆಯಲ್ಲಿ ಗೆದ್ದಿಲ್ವಾ?" ಎಂದು ನಿನ್ನೆ ಒಬ್ಬ ಕೇಳಿದ. ಗೆದ್ದಿದ್ದಾರೆ. ಅಮೆರಿಕದ ಹೆಸರಾಂತ ಪೋಕರ್ ಆಟಗಾರ ಡಾಯ್ಲ್ ಬ್ರನ್ಸನ್ 1976ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಯನ್ನು ಗೆದ್ದ ಕೊನೆಯ ಕೈ ಹತ್ತು ಮತ್ತು ಎರಡು, ಎರಡೂ ಇಸ್ಪೀಟು. ಆದರೆ ಅವರನ್ನು ಗೆಲ್ಲಿಸಿದ್ದು ಫುಲ್ ಹೌಸ್ (ಒಂದು ಅಂಕಿಯ ಮೂರು, ಇನ್ನೊಂದರ ಎರಡು), ಫ್ಲಶ್ ಅಲ್ಲವೇ ಅಲ್ಲ. 1977ರಲ್ಲಿ ಮತ್ತೆ ಹತ್ತು-ಎರಡರಲ್ಲೇ ಗೆದ್ದರು, ಆಗ ಎಲೆಗಳು ಬೇರೆ ಬೇರೆ ಜಾತಿ, ಆಗಲೂ ಫುಲ್ ಹೌಸ್. ಈ ಕತೆಯನ್ನು ಜಾತಿಯ ಪರವಾಗಿ ಹೇಳುವವರು ಅರ್ಧವನ್ನಷ್ಟೇ ಕೇಳಿದವರು.

ಒಂದೇ ಜಾತಿಯ ಕೈ ಆಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಎಕ್ಕದ ಜತೆ ಸಣ್ಣ ಎಲೆಯೊಂದು ಅದೇ ಜಾತಿಯದ್ದಿದ್ದರೆ ಆಡಬಹುದು, ಫ್ಲಶ್ ಆದರೆ ಅದೇ ದೊಡ್ಡದು. ಎಂಟು-ಏಳು, ಒಂಬತ್ತು-ಎಂಟರಂಥ ಪಕ್ಕಪಕ್ಕದ ಎಲೆಗಳನ್ನೂ ಆಡಬಹುದು, ಸಾಲಾಗಿ ಐದು ಎಲೆ ಬರುವ ಸ್ಟ್ರೇಟ್‌ನ ದಾರಿಯೂ ತೆರೆದಿರುತ್ತದೆ. ಅದೂ ಕೊನೆಗೆ ಮಾತಾಡುವ ಜಾಗದಲ್ಲಿ ಕೂತಿದ್ದರೆ, ಒಳಬರುವ ಖರ್ಚು ಕಡಿಮೆ ಇದ್ದರೆ, ಎದುರಿನವನ ಹತ್ತಿರ ಗೆಲ್ಲುವಷ್ಟು ರಾಶಿ ಇದ್ದರೆ.

ಮಂಜೊಟ್ಟಿ ಬೀಜಕ್ಕೆ ಇಷ್ಟು ಸಿಟ್ಟು ಯಾಕೆ ಎಂದು ಕೇಳಬಹುದು. ನಮ್ಮವನೇ ಒಬ್ಬ ಹುಡುಗ, ಒಳ್ಳೆಯ ಕೆಲಸದಲ್ಲಿದ್ದವ, ಸಂಬಳವನ್ನು ತಿಂಗಳು ತಿಂಗಳು ಫೋನಿನ ಪೋಕರಿಗೆ ಸುರಿದ. ಅವನ ಅಮ್ಮ ನನ್ನೆದುರು ಕೂತು ಅತ್ತದ್ದನ್ನು ನಾನು ಮರೆಯಲಾರೆ. ಅವನೊಡನೆ ಮಾತಾಡಿದಾಗ ತಿಳಿದದ್ದು ಇದೇ: ಒಂದೇ ಜಾತಿ ಬಂದರೆ ಬಿಡುತ್ತಿರಲಿಲ್ಲ, ನಾಲ್ಕು ಸೇರಿದರೆ ಎಷ್ಟು ಕೇಳಿದರೂ ಕೊಡುತ್ತಿದ್ದ, ಸೋತರೆ ಲಕ್ ಸರಿಯಿಲ್ಲ ಎನ್ನುತ್ತಿದ್ದ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಮಾಡಿತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವನ್ನೂ ಇಟ್ಟುಕೊಳ್ಳಲಿಲ್ಲ. ಆಟವನ್ನು ಪ್ರೀತಿಸುವವನಾಗಿಯೂ ನಾನು ಅದನ್ನು ಸ್ವಾಗತಿಸಿದೆ. ಆದರೆ ಲಕ್ ಸರಿಯಿಲ್ಲ ಎಂಬ ಆ ಮಾತು ನಿನ್ನೆ ಜಗಲಿಯಲ್ಲಿ ಮತ್ತೆ ಕೇಳಿಸಿತು, ಹದಿನೇಳು ವರ್ಷದವನ ಬಾಯಲ್ಲಿ.

ಕಾಸರಗೋಡಿನ ನಮ್ಮ ಮಕ್ಕಳು ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ. ಮನೆಯಲ್ಲಿ ಎಲೆ ಹಿಡಿದು ಕೂತಾಗ ಬೇಕಾದ ಎಲೆ ಎಷ್ಟು, ಕೊಡಬೇಕಾದ್ದು ಎಷ್ಟು, ಸಿಗುವುದು ಎಷ್ಟು ಎಂದು ಕೇಳಿ ಅವರಿಂದ ಬಾಯಿಬಿಟ್ಟು ಹೇಳಿಸಿ. ಮುಂದಿನ ಎಲೆಯಲ್ಲಿ ನೂರಕ್ಕೆ ಎಷ್ಟು ಎಂದು ತಿಳಿಯಲು ಬೇಕಾದ ಎಲೆಗಳ ಎಣಿಕೆಯನ್ನು ಎರಡರಿಂದ ಗುಣಿಸಿದರೆ ಸಾಕು: ಒಂಬತ್ತೆರಡು ಹದಿನೆಂಟು. ಸ್ವಲ್ಪ ಹೆಚ್ಚುಕಮ್ಮಿ ಆದರೂ ಜಗಲಿಯ ಆಟಕ್ಕೆ ಆದೀತು.