ಟಿಆರ್‌ಪಿ ಓಟಕ್ಕೆ ಸರ್ಕಾರಿ ಚಾನೆಲ್ ಯಾಕೆ ಇಳಿಯಬೇಕು?

"ಸರ್ಕಾರಿ ಚಾನೆಲ್ ಯಾರ್ ನೋಡ್ತಾರೆ, ಸುಮ್ನೆ ಮುಚ್ಚಿಬಿಡಿ" ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹೇಳುವವರ ಕೈಯಲ್ಲಿ ಟಿಆರ್‌ಪಿ ಪಟ್ಟಿ ಇರುತ್ತದೆ. ಆ ಪಟ್ಟಿ ಸುಳ್ಳು ಅಂತ ನಾನು ಹೇಳೋದಿಲ್ಲ. ಆದರೆ ಅದು ಇರುವುದು ಜಾಹೀರಾತು ಕೊಡುವವರಿಗಾಗಿ, ಹತ್ತು ಸೆಕೆಂಡಿಗೆ ಎಷ್ಟು ರೇಟು ಅಂತ ಕುದುರಿಸೋದಕ್ಕೆ. ಜನರ ದುಡ್ಡಿನ ಚಾನೆಲ್ ಬೇಕೋ ಬೇಡವೋ ಅನ್ನೋದನ್ನೂ ಅದರಿಂದಲೇ ತೀರ್ಮಾನ ಮಾಡೋದು ಸರೀನಾ?

ಜನರ ದುಡ್ಡಿನ ಚಾನೆಲ್‌ಗೂ ಜಾಹೀರಾತಿನ ಚಾನೆಲ್‌ಗೂ ನಡುವಿನ ಈ ಪೈಪೋಟಿ ಇವತ್ತಿನದಲ್ಲ. ಬ್ರಿಟನ್ನಿನಲ್ಲಿ 1955ರ ಸೆಪ್ಟೆಂಬರ್ 22ರಂದು, ಜಾಹೀರಾತಿನ ದುಡ್ಡಲ್ಲೇ ನಡೆಯುವ ಖಾಸಗಿ ಚಾನೆಲ್ ಐಟಿವಿ ಶುರುವಾಯಿತು. ಅಲ್ಲಿನ ಟಿವಿಯಲ್ಲಿ ಮೊದಲ ಜಾಹೀರಾತು ಬಂದದ್ದೂ ಅವತ್ತೇ, ಒಂದು ಟೂತ್‌ಪೇಸ್ಟಿನದು. ಅದೇ ಸಂಜೆ ಬಿಬಿಸಿ ಏನು ಮಾಡಿತು ಗೊತ್ತಾ? ತನ್ನ ಜನಪ್ರಿಯ ರೇಡಿಯೋ ಧಾರಾವಾಹಿಯ ಮುಖ್ಯ ಪಾತ್ರವೊಂದನ್ನು ಬೆಂಕಿ ಅನಾಹುತದಲ್ಲಿ ಸಾಯಿಸಿಬಿಟ್ಟಿತು! ಮರುದಿನ ಪೇಪರ್‌ಗಳು ಆ ಸಾವನ್ನೂ ದೊಡ್ಡದಾಗಿ ಬರೆದವು. ಕಿಲಾಡಿತನವೇನೋ ಹೌದು, ಆದರೆ ಒಂದು ರಾತ್ರಿಯದು. ಆಮೇಲೆ ಎರಡೂ ಸಿಗುವ ಮನೆಗಳಲ್ಲಿ ಜನ ಐಟಿವಿಯನ್ನೇ ಜಾಸ್ತಿ ನೋಡಿದರು. ಬಿಬಿಸಿಯ ಕೈ ಹಿಡಿದದ್ದು ಟಿವಿ ಇದ್ದ ಮನೆಗಳು ಕಟ್ಟುತ್ತಿದ್ದ ಲೈಸೆನ್ಸ್ ಶುಲ್ಕ. ಜಾಹೀರಾತುದಾರರ ಮರ್ಜಿ ಕಾಯಬೇಕಿರಲಿಲ್ಲ. 1962ರಲ್ಲಿ, ಪ್ರಸಾರ ವ್ಯವಸ್ಥೆಯನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಪಿಲ್ಕಿಂಗ್ಟನ್ ಸಮಿತಿ ಐಟಿವಿಯನ್ನು ತರಾಟೆಗೆ ತೆಗೆದುಕೊಂಡು, ಮೂರನೇ ಚಾನೆಲ್ ಬಿಬಿಸಿಗೇ ಕೊಡಿ ಅಂದಿತು. 1964ರಲ್ಲಿ ಬಿಬಿಸಿ 2 ಬಂತು.

ದೂರದರ್ಶನದ ಕತೆ ಬೇರೆ. 1976ರಿಂದಲೇ ಜಾಹೀರಾತು. ಸ್ಯಾಟಲೈಟ್ ಚಾನೆಲ್‌ಗಳು ನುಗ್ಗಿದ ಮೇಲೆ, 1993ರಲ್ಲಿ, ಅವರ ಥರಾನೇ ಮನರಂಜನೆ ಕೊಡೋಣ ಅಂತ ಡಿಡಿ ಮೆಟ್ರೋ ತಂದರು. 2003ರಲ್ಲಿ ಅದನ್ನು ನಿಲ್ಲಿಸಿ ಡಿಡಿ ನ್ಯೂಸ್ ಮಾಡಿದರು. ಅಸಲಿ ಮಾಲು ಪಕ್ಕದಲ್ಲೇ ಸಿಗುವಾಗ ನಕಲು ಯಾರಿಗೆ ಬೇಕಿತ್ತು? ಅದೇ ಚಂದನದ 'ಥಟ್ ಅಂತ ಹೇಳಿ' ನೋಡಿ. 2002ರಲ್ಲಿ ಶುರುವಾಗಿ ಸಾವಿರಾರು ಕಂತು ದಾಟಿತು. ಸರಿ ಉತ್ತರ ಹೇಳಿದರೆ ಒಂದು ಪುಸ್ತಕ, ಅಷ್ಟೇ. ಕಾರಿಲ್ಲ, ಕೋಟಿಯಿಲ್ಲ, ಸ್ಪರ್ಧಿಯ ಕಣ್ಣೀರಿಗೆ ಪಿಟೀಲಿಲ್ಲ. ಈ ಐಡಿಯಾ ಹಿಡ್ಕೊಂಡು ಖಾಸಗಿ ಚಾನೆಲ್‌ಗೆ ಹೋಗಿದ್ದರೆ ಬಾಗಿಲಲ್ಲೇ ಕೈಮುಗಿದು ಕಳಿಸ್ತಿದ್ರು.

ಹಾಗಂತ ತಪ್ಪೆಲ್ಲ ಪೈಪೋಟಿಯದು ಅನ್ನೋದಕ್ಕೂ ನಾನು ತಯಾರಿಲ್ಲ. ಮಂತ್ರಿಗಳು ಟೇಪು ಕತ್ತರಿಸಿದ್ದನ್ನೇ ವರ್ಷಗಟ್ಟಲೆ ಸುದ್ದಿ ಅಂತ ತೋರಿಸಿದರೆ, ರಿಮೋಟ್ ಕೈಗೆ ಸಿಕ್ಕ ದಿನ ಯಾರು ಕೂತಿರ್ತಾರೆ? ದೂರದರ್ಶನ, ಆಕಾಶವಾಣಿಗಳನ್ನು ಸರ್ಕಾರದ ಕೈಯಿಂದ ಬಿಡಿಸಿ ಸ್ವಾಯತ್ತ ಸಂಸ್ಥೆಗೆ ಒಪ್ಪಿಸುವ ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಪಾಸಾಯಿತು, ಜಾರಿಗೆ ಬಂದದ್ದು 1997ರಲ್ಲಿ. ಏಳು ವರ್ಷ ಮೀನಮೇಷ! ದುಡ್ಡಿಗೆ ಈಗಲೂ ಸರ್ಕಾರದ ಮುಖವನ್ನೇ ನೋಡಬೇಕು.

ಮುಚ್ಚಿದರೆ ಏನಾಗುತ್ತೆ ಅನ್ನೋದನ್ನು ಗ್ರೀಸ್ ಮಾಡಿ ನೋಡಿದೆ. 2013ರ ಜೂನ್ 11ರಂದು ಅಲ್ಲಿನ ಸರ್ಕಾರ, ದುಂದುವೆಚ್ಚ ಅಂತ ಹೇಳಿ, ತನ್ನ ಸಾರ್ವಜನಿಕ ವಾಹಿನಿ ಇಆರ್‌ಟಿಯನ್ನು ಮುಚ್ಚುವುದಾಗಿ ಪ್ರಕಟಿಸಿತು. ಅದೇ ರಾತ್ರಿ ಟಿವಿ ಪರದೆ ಕಪ್ಪಾಯಿತು. ನೌಕರರು ಕಟ್ಟಡ ಬಿಟ್ಟು ಕದಲಲಿಲ್ಲ, ಇಂಟರ್ನೆಟ್‌ನಲ್ಲಿ ಪ್ರಸಾರ ಮುಂದುವರಿಸಿದರು. ಹೊರಗೆ ಜನ ಸೇರಿದರು. ಮಿತ್ರಪಕ್ಷವೊಂದು ಸರ್ಕಾರದಿಂದಲೇ ಹೊರಬಂತು. ಸರಿಯಾಗಿ ಎರಡು ವರ್ಷಕ್ಕೆ, 2015ರ ಜೂನ್ 11ರಂದು, ಇಆರ್‌ಟಿ ಮತ್ತೆ ಶುರುವಾಯಿತು.

ನನ್ನ ಕೇಳಿದರೆ, ಸಾರ್ವಜನಿಕ ವಾಹಿನಿಗೆ ಜಾಹೀರಾತಿನ ಗೊಡವೆಯೇ ಬೇಡ. ಐದು ವರ್ಷದ ದುಡ್ಡನ್ನು ಮೊದಲೇ ಗೊತ್ತು ಮಾಡಿ ಕೊಡಲಿ, ನಡುವೆ ಯಾವ ಮಂತ್ರಿಯೂ ಅದಕ್ಕೆ ಕೈ ಹಾಕದ ಹಾಗೆ. ಕಿವಿ ಕೇಳದವರಿಗೆ ಸನ್ನೆ ಭಾಷೆಯ ಸುದ್ದಿ, ರೈತರ ಕಾರ್ಯಕ್ರಮ, ಅರ್ಧಕ್ಕೆ ಕತ್ತರಿಸದ ಸಂಗೀತ ಕಛೇರಿ, ಇವಕ್ಕೆ ನೋಡುಗರು ಕಡಿಮೆ ಅಂತ ಯಾರೂ ಲೆಕ್ಕ ಕೇಳಬಾರದು. ಸುದ್ದಿ ಮಾತ್ರ ಆಳುವವರಿಗೂ ವಿರೋಧ ಪಕ್ಷದವರಿಗೂ ಸಮನಾಗಿ ಇರುಸುಮುರುಸು ಮಾಡಬೇಕು. ಅದು ಆಗದಿದ್ದರೆ ಆಗ ಕೇಳಿ, ಮುಚ್ಚೋಣವಾ ಅಂತ.