ಟೆರೇಸಿನ ಕೀಲಿ, ಅರಮನೆಯ ಕೋಲು

ನಿನ್ನೆ ಬೆಳಗ್ಗೆ ನಮ್ಮನೆಯ ಅಕ್ಕಿ ಸಂಡಿಗೆ ಹಿಟ್ಟು ಪಾತ್ರೆಯಲ್ಲೇ ಗಟ್ಟಿಯಾಯಿತು. ಟೆರೇಸಿನ ಕೀಲಿ ಸೊಸೈಟಿಯ ಸೆಕ್ರೆಟರಿ ಸಾಹೇಬರ ಹತ್ತಿರ ಇರುತ್ತದೆ. ಮುಂಬಯಿಯಲ್ಲಿ ಫ್ಲ್ಯಾಟಿನಲ್ಲಿ ಇರುವವರಿಗೆ ಇಷ್ಟು ಹೇಳಿದರೆ ಸಾಕು, ಅಲ್ವಾ?

ಅರ್ಜಿ ಹಿಂದಿನ ದಿನವೇ ಕೊಟ್ಟಾಗಿತ್ತು. ಸಾಹೇಬರು ಕನ್ನಡಕ ಏರಿಸಿ ಮತ್ತೆ ಓದಿದರು.

"ಎರಡು ಪ್ಲಾಸ್ಟಿಕ್ ಹಾಳೆ ಅಂತ ಬರೆದಿದ್ದೀರಿ. ಕೈಯಲ್ಲಿ ಮೂರಿದೆ."

"ಮೂರನೆಯದು ಹಳೇ ಸೀರೆ, ಸಾಹೇಬ್."

"ಸೀರೆ ಒಣಹಾಕೋಕೆ ಪರ್ಮಿಷನ್ ಇಲ್ಲ."

"ಒಣಹಾಕೋಕಲ್ಲ, ಹಾಸೋಕೆ."

ಸಾಹೇಬರು ಯೋಚನೆಗೆ ಬಿದ್ದರು. ಹಾಸಿದ ಮೇಲೆ ಅದು ಸೀರೆಯೋ, ಹಾಳೆಯೋ? ಕಮಿಟಿ ಮೆಂಬರಿಗೆ ಫೋನ್ ಹೋಯಿತು. ಆ ಪುಣ್ಯಾತ್ಮ ಲೋಕಲ್ ಟ್ರೇನಿನಲ್ಲಿ ನೇತಾಡುತ್ತಿದ್ದ. "ಹಲೋ ಹಲೋ" ಬಿಟ್ಟು ಬೇರೇನೂ ಕೇಳಿಸಲಿಲ್ಲ. ಕೊನೆಗೆ "ನವಾ ಅರ್ಜ್ ದ್ಯಾ", ಅಂದರೆ ಹೊಸ ಅರ್ಜಿ ಕೊಡಿ, ಎಂದು ಮರಾಠಿಯಲ್ಲಿ ತೀರ್ಪು ಬಂತು. ಮೆಟ್ಟಿಲ ಮೇಲೆ ಸೌಟು ಹಿಡಿದು ನಿಂತಿದ್ದ ನನ್ನ ಹೆಂಡತಿ ಒಂದು ನೋಟ ನೋಡಿದಳು. ಅದು ಅವರಿಗೋ ನನಗೋ ತಿಳಿಯಲಿಲ್ಲ.

ನಮ್ಮ ಸಾಹೇಬರ ಹಾಗೆಯೇ ಬ್ರಿಟನ್ನಿನ ಅರಮನೆಯಲ್ಲೂ ಲಾರ್ಡ್ ಚೇಂಬರ್ಲೇನ್ ಅಂತ ಒಬ್ಬರು ಇರುತ್ತಾರೆ. ಅರಮನೆಯ ಸಿಬ್ಬಂದಿಗೆಲ್ಲ ಹಿರಿಯರು. 2021ರಲ್ಲಿ ಆ ಹುದ್ದೆಗೆ ಬಂದ ಆಂಡ್ರ್ಯೂ ಪಾರ್ಕರ್, ಅದಕ್ಕೆ ಮುಂಚೆ ಬೇಹುಗಾರಿಕೆ ಸಂಸ್ಥೆ ಎಂಐ5ರ ಮುಖ್ಯಸ್ಥರಾಗಿದ್ದವರು. ಏಪ್ರಿಲ್ 1ಕ್ಕೆ ಕೆಲಸ ಶುರು, 9ಕ್ಕೆ ರಾಣಿಯ ಗಂಡ ಫಿಲಿಪ್ ತೀರಿಕೊಂಡರು. ಕೋವಿಡ್ ಕಾಲ, ಅಂತ್ಯಕ್ರಿಯೆಗೆ 30 ಜನಕ್ಕಷ್ಟೇ ಅವಕಾಶ. ನಮ್ಮ ಸಾಹೇಬರಾಗಿದ್ದರೆ ಅಷ್ಟೂ ಜನರಿಂದ ಅರ್ಜಿ ಬರೆಸಿಕೊಳ್ಳುತ್ತಿದ್ದರು. ಬೇಹುಗಾರಿಕೆಯಲ್ಲೂ ಇವರು ಕಮ್ಮಿಯಿಲ್ಲ. ನಮ್ಮನೆಗೆ ಪಾರ್ಸೆಲ್ ಬಂದದ್ದು ನನಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಹಿಂದೆ ಬ್ರಿಟನ್ನಿನಲ್ಲಿ ಹೊಸ ನಾಟಕ ಆಡಬೇಕಾದರೂ ಈ ಲಾರ್ಡ್ ಚೇಂಬರ್ಲೇನರ ಒಪ್ಪಿಗೆ ಬೇಕಿತ್ತು. 1737ರಲ್ಲಿ ಬಂದ ಆ ಕಾನೂನಿನ ಕಾಟ 1968ರಲ್ಲಿ ಮುಗಿಯಿತು. ನಮ್ಮ ಬಿಲ್ಡಿಂಗಿನಲ್ಲಿ ಇನ್ನೂ ಮುಗಿದಿಲ್ಲ. ಗಣಪತಿ ಹಬ್ಬಕ್ಕೆ ಮಕ್ಕಳು ಆಡಲಿದ್ದ ಕನ್ನಡ ನಾಟಕದ ಸ್ಕ್ರಿಪ್ಟನ್ನು ಸಾಹೇಬರು ತರಿಸಿಕೊಂಡರು. ಕನ್ನಡ ಒಂದಕ್ಷರ ಬಾರದು. ಆದರೂ ಒಂದು ಸಾಲಿಗೆ ಕೆಂಪು ಗೀಟು ಹಾಕಿ ಕಳಿಸಿದರು. ನೋಡಿದರೆ, "ಪರದೆ ಬೀಳುತ್ತದೆ" ಎಂಬ ಸಾಲು!

2022ರ ಸೆಪ್ಟೆಂಬರ್ 19ರಂದು ವಿಂಡ್ಸರ್‌ನಲ್ಲಿ ಪಾರ್ಕರ್ ತಮ್ಮ ಅಧಿಕಾರದ ಬಿಳಿ ಕೋಲನ್ನು ಮುರಿದು ಎಲಿಜಬೆತ್ ರಾಣಿಯ ಶವಪೆಟ್ಟಿಗೆಯ ಮೇಲಿಟ್ಟರು. ಆಕೆಗೆ ತಾವು ಸಲ್ಲಿಸುತ್ತಿದ್ದ ಸೇವೆ ಅಲ್ಲಿಗೆ ಮುಗಿಯಿತು ಅಂತ. ಟಿವಿಯಲ್ಲಿ ನೋಡುತ್ತಾ ನನಗೆ ಅಪ್ಪ ನೆನಪಾದರು. ಬ್ಯಾಂಕಿನಿಂದ ರಿಟೈರ್ ಆದಮೇಲೂ ಎಷ್ಟೋ ದಿನ, ಬೆಳಗ್ಗೆ ಅಂಗಿ ಹಾಕಿಕೊಂಡ ಕೂಡಲೇ ಸೇಫಿನ ಕೀಲಿಗೆಂದು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಮ್ಮ ಸಾಹೇಬರೂ ಹೋದ ಜನರಲ್ ಬಾಡಿ ಮೀಟಿಂಗಿನಲ್ಲಿ "ಸಾಕಾಗಿದೆ, ಬೇರೆ ಯಾರಾದ್ರೂ ತಗೊಳ್ಳಿ" ಎಂದು ಕೀಲಿಗೊಂಚಲನ್ನು ಟೇಬಲ್ ಮೇಲಿಟ್ಟರು. ಇಡೀ ಸಭೆ ಸಮೋಸದ ತಟ್ಟೆಯ ಕಡೆ ತಿರುಗಿತು. ಸ್ವಲ್ಪ ಹೊತ್ತು ಕಾದು, ಗೊಂಚಲನ್ನು ತಾವೇ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮರುಗಳಿಗೆಯೇ ಶುರು: "ತಲೆಗೆ ಒಂದೇ ಸಮೋಸ ಅಂತ ನೋಟಿಸಿನಲ್ಲಿತ್ತು. ಎರಡು ಯಾರು ತಗೊಂಡಿದ್ದು?"