ಅತ್ತೆಗೆ ಬಂದ ಕೊರಿಯನ್

ಮನೆಯಲ್ಲೇ ಕೂತು ಕೊರಿಯನ್ ಕಲೀತಿದ್ದೀನಿ ಅಂದರೆ ಈಗ ಯಾರಿಗೂ ಆಶ್ಚರ್ಯವಿಲ್ಲ. ಯಾವ ಸೀರಿಯಲ್ ನೋಡ್ತಿದ್ದೀರಿ ಅಂತಷ್ಟೇ ಕೇಳುತ್ತಾರೆ. ಅದರ ಜೊತೆಗೆ ಜಪಾನಿ ಮತ್ತು ಥಾಯ್ ಕೂಡ ಅಂದಾಗ ಮಾತ್ರ ಎದುರಿಗಿರುವವರ ಮುಖ ಬದಲಾಗುತ್ತದೆ. ಆಫೀಸಿಗೆ ಬೇಕಾ? ಬೇಡ. ಮಕ್ಕಳು ಅಲ್ಲಿದ್ದಾರಾ? ಇಲ್ಲ. ಮತ್ತೆ ಯಾಕೆ? ಸುಮ್ನೆ. ಈ 'ಸುಮ್ನೆ'ಯನ್ನು ನಮ್ಮ ಜನ ಅಷ್ಟು ಸುಲಭಕ್ಕೆ ನಂಬುವುದಿಲ್ಲ. ನಾವು ಗುಟ್ಟಾಗಿ ವಿದೇಶಕ್ಕೆ ಹೊರಟಿದ್ದೇವೆ ಅಂತ ನಮ್ಮ ಭಾವನವರು ತೀರ್ಮಾನ ಮಾಡಿಬಿಟ್ಟಿದ್ದಾರೆ. 'ಹೋಗೋದಾದ್ರೆ ಊರಿನ ಸೈಟಿನ ವಿಷಯ ಮೊದಲು ಇತ್ಯರ್ಥ ಮಾಡ್ಕೊಂಡು ಹೋಗಿ' ಅಂತ ಫೋನ್ ಮಾಡಿದ್ದೂ ಆಯಿತು.

ಶುರುವಿನಲ್ಲಿ ಎಲ್ಲವೂ ಸಲೀಸು, ಮೋಸ ಇರೋದೇ ಅಲ್ಲಿ. ಕೊರಿಯನ್ ಲಿಪಿಯನ್ನು ಸೆಜೊಂಗ್ ಅನ್ನೋ ರಾಜ 1443ರಲ್ಲಿ ರೂಪಿಸಿ 1446ರಲ್ಲಿ ಜನರ ಕೈಗೆ ಕೊಟ್ಟ. ಈಗ ಬಳಸುವ ಮೂಲ ಅಕ್ಷರ ಬರೀ 24. ಕಾಗುಣಿತ, ಒತ್ತಕ್ಷರ ಎಲ್ಲ ದಾಟಿ ಬಂದ ನಮಗೆ ಇದೇನು ಮಹಾ! ಜಪಾನಿನ ಹಿರಾಗನದಲ್ಲಿ 46 ಅಕ್ಷರ. ಜೋಡಿಸಿರುವ ಕ್ರಮ ನೋಡಿ: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳು ಸಂಸ್ಕೃತದ ಅಕ್ಷರ ಕಲಿತದ್ದರ ಪ್ರಭಾವ ಅದು. ಇನ್ನು ಥಾಯ್ ಶುರುವಾಗುವುದೇ ಕ, ಖ ಅಂತ. ನಾವೆಲ್ಲ ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ, ಆಮೇಲೆ ಜೀವಮಾನದಲ್ಲಿ ತಿರುಗಿ ನೋಡದ ಙ ಇದೆಯಲ್ಲ, ಅದಕ್ಕೂ ಅಲ್ಲಿ ಕೈತುಂಬಾ ಕೆಲಸ ಇದೆ. ಹಾವಿಗೆ ಅವರು ಙೂ ಅಂತಾರೆ.

ವ್ಯಾಕರಣದ ಮಾತಿಗೆ ಬಂದರೆ ಜಪಾನಿ, ಕೊರಿಯನ್ ಎರಡರಲ್ಲೂ ಕನ್ನಡದವರಿಗೆ ಅರ್ಧ ದಾರಿ ಮೊದಲೇ ಸವೆದಿರುತ್ತದೆ. ಕ್ರಿಯಾಪದ ಕೊನೆಗೆ, ಪ್ರತ್ಯಯ ನಾಮಪದ ಆದ ಮೇಲೆ. ನನ್ನ ಹತ್ತಿರ ಇರುವ ಇಂಗ್ಲಿಷಿನ ಪುಸ್ತಕ ಜಪಾನಿಯ 'ತಬೆತೆ ಮಿರು' ಅನ್ನುವುದನ್ನು ವಿವರಿಸಲು ಪುಟಗಟ್ಟಲೆ ಒದ್ದಾಡುತ್ತದೆ. ತಿನ್ನುವುದಕ್ಕೂ ನೋಡುವುದಕ್ಕೂ ಏನು ಸಂಬಂಧ, ಇಲ್ಲಿ ನೋಡುವುದು ಅಂದರೆ ಕಣ್ಣಿನಿಂದ ನೋಡುವುದಲ್ಲ, ಪ್ರಯತ್ನಿಸುವುದು, ಹೀಗೆ. ನನಗೆ ನಗು ಬಂತು. 'ತಿಂದು ನೋಡು' ಅಂತ ದಿನಾ ಹೇಳುವ ನಮಗೆ ಇದನ್ನೂ ಪಾಠ ಮಾಡಬೇಕಾ? ಮುಂದಿನ ಅಧ್ಯಾಯದ 'ತಬೆತೆ ಶಿಮತ್ತ' ಇನ್ನೇನಲ್ಲ, ನಮ್ಮ 'ತಿಂದುಬಿಟ್ಟೆ'. ಕೊರಿಯನ್ನರೂ ತಿಂದು ನೋಡುತ್ತಾರೆ. ಅವರ ತಿಂದುಬಿಡುವುದರಲ್ಲಿ ಮಾತ್ರ 'ಬಿಡು' ಇರುವ ಜಾಗದಲ್ಲಿ 'ಎಸೆ' ಇದೆ, ಅಷ್ಟೇ ವ್ಯತ್ಯಾಸ. ಈ ಖುಷಿಯಲ್ಲಿ ನಾನು ಮನೆಯವರಿಗೆಲ್ಲ ಪಾಠ ಶುರು ಮಾಡಿದೆ. ಮಗಳು ಇಯರ್‌ಫೋನ್ ಹಾಕಿಕೊಂಡಳು.

ಆಮೇಲೆ ಎಡವಟ್ಟುಗಳು ಒಂದೊಂದಾಗಿ ಬಂದವು. ಜಪಾನಿಯಲ್ಲಿ ನಿತ್ಯ ಬಳಕೆಗೆ ಅಂತ ಗೊತ್ತುಮಾಡಿರುವ ಕಾಂಜಿಗಳೇ, ಅಂದರೆ ಚೀನೀ ಮೂಲದ ಅಕ್ಷರಗಳೇ, 2136. ಅದರ ಬಗ್ಗೆ ನಾನು ಜಾಸ್ತಿ ಮಾತಾಡುವುದಿಲ್ಲ, ರಕ್ತದೊತ್ತಡ ಇದೆ. ಕೊರಿಯನ್‌ನಲ್ಲಿ ಸಂಖ್ಯೆಗಳದ್ದು ಎರಡು ಸೆಟ್, ಒಂದು ಅವರದ್ದೇ, ಇನ್ನೊಂದು ಚೀನೀ ಮೂಲದ್ದು. ಗಂಟೆ ಹೇಳಲು ಮೊದಲನೆಯದು, ನಿಮಿಷ ಹೇಳಲು ಎರಡನೆಯದು. ಒಂಬತ್ತು ಗಂಟೆ ಒಂಬತ್ತು ನಿಮಿಷದಲ್ಲಿ ಮೊದಲ ಒಂಬತ್ತು 'ಅಹೊಪ್', ಎರಡನೇ ಒಂಬತ್ತು 'ಗು'. ನಾನು ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಒಂಬತ್ತೂಕಾಲು ಆಗಿರುತ್ತದೆ. ಮತ್ತೆ ಈ 'ನೇ'. ಜಪಾನಿನಲ್ಲಿ ಮಾತಿನ ಕೊನೆಗೆ 'ನೇ' ಅಂದರೆ ನಮ್ಮ 'ಅಲ್ವಾ'. ಕೊರಿಯಾದಲ್ಲಿ 'ನೇ' ಅಂದರೆ 'ಹೌದು'. ಸೀರಿಯಲ್ ನೋಡುತ್ತಾ ಕೂತಾಗ ಹುಡುಗಿ 'ಹೌದು' ಅಂದಳೋ 'ಅಲ್ವಾ' ಅಂದಳೋ ತಿಳಿಯದೆ ಒಂದು ಇಡೀ ಮದುವೆ ಮಾತುಕತೆ ನನಗೆ ಉಲ್ಟಾ ಅರ್ಥವಾಗಿತ್ತು.

ಉಚ್ಚಾರಣೆ ತಿದ್ದಲಿ ಅಂತ ಒಂದು ಆಪ್ ಹಾಕಿಕೊಂಡೆ. ಅದು ಒಂದು ಪದ ಹೇಳುತ್ತದೆ, ನಾವು ಮೈಕಿಗೆ ಹೇಳಬೇಕು. ಸರಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಅವತ್ತು ಬಂದ ಪದ 'ಅಪ್ಪಾ'. ಕೊರಿಯನ್‌ನಲ್ಲೂ ಅಪ್ಪನಿಗೆ ಅಪ್ಪಾ ಅಂತಾನೇ ಅನ್ನುತ್ತಾರೆ, ಆದರೆ ಅವರ 'ಪ್ಪ' ಸ್ವಲ್ಪ ಬಿಗಿ ಅಂತ ಎಲ್ಲೋ ಓದಿದ್ದೆ. ಹಾಗಾಗಿ ಗಂಟಲು ಬಿಗಿ ಮಾಡಿದೆ, ಕೆಂಪು. ತುಟಿ ಬಿಗಿ ಮಾಡಿದೆ, ಕೆಂಪು. ಮೂಗು ಹಿಡಿದುಕೊಂಡೂ ನೋಡಿದೆ. ಅಷ್ಟರಲ್ಲಿ ಹಿಂದೆ ಸೋಫಾದಿಂದ ಏಳುತ್ತಿದ್ದ ಅತ್ತೆ ಮಂಡಿ ಹಿಡಿದುಕೊಂಡು 'ಅಪ್ಪಾ...' ಅಂದರು. ಟಿಣ್ ಅಂತ ಹಸಿರು! ಜೊತೆಗೆ ಮೂರು ನಕ್ಷತ್ರ. ಅದಾದ ಮೇಲೆ ನಾನು ಫೋನ್ ಹಿಡಿದು ಕೂತರೆ ಸಾಕು, 'ಏನಾದ್ರೂ ಹೇಳಬೇಕಿತ್ತಾ?' ಅಂತ ಅಡುಗೆಮನೆಯಿಂದಲೇ ಕೇಳುತ್ತಾರೆ.

ಬ್ಯಾಂಕಾಕ್‌ಗೆ ಹೋದಾಗ ನನ್ನ ಥಾಯ್ ಹೊರಗೆ ತೆಗೆಯಲೇಬೇಕು ಅಂತ ಹಟ ಮಾಡಿದ್ದೆ. ಅರಮನೆ ನೋಡಿ ಆಗಿತ್ತು, ವಾಟ್ ಪೋ ದೇವಸ್ಥಾನಕ್ಕೆ ಹೋಗಬೇಕಿತ್ತು. ಅಲ್ಲಿ ಮಲಗಿರುವ ಬುದ್ಧ 46 ಮೀಟರ್ ಉದ್ದ, ಹಿರಾಗನದಲ್ಲಿ ಎಷ್ಟು ಅಕ್ಷರವೋ ಅಷ್ಟು ಮೀಟರ್. (ಇಂಥದ್ದೆಲ್ಲ ನನಗೆ ಚೆನ್ನಾಗಿ ನೆನಪಿರುತ್ತದೆ.) ಹಣ್ಣು ಹೆಚ್ಚಿ ಮಾರುತ್ತಿದ್ದ ಹೆಂಗಸಿನ ಹತ್ತಿರ ಹೋಗಿ 'ವಾಟ್ ಪೋ ಕ್ಲೈ ಮೈ ಖಾ?' ಅಂತ ಕೇಳಿದೆ. ವಿಷಯ ಏನಪ್ಪಾ ಅಂದರೆ, ಥಾಯ್‌ನಲ್ಲಿ ದನಿಯ ಧಾಟಿ ಐದು, ಧಾಟಿ ಬದಲಾದರೆ ಅರ್ಥವೂ ಬದಲು. 'ಕ್ಲೈ' ಅನ್ನುವುದನ್ನು ಏರಿಳಿತ ಇಲ್ಲದೆ ಹೇಳಿದರೆ ದೂರ. ಅದನ್ನೇ ಮೇಲಿಂದ ಕೆಳಕ್ಕೆ ಜಾರಿಸಿ ಹೇಳಿದರೆ ಹತ್ತಿರ. ದಾರಿ ಕೇಳುವವರಿಗೆ ಇರುವ ಎರಡೇ ಎರಡು ಮುಖ್ಯ ಪದಗಳನ್ನು ಹೀಗೆ ಮಾಡಿಟ್ಟಿದ್ದಾರೆ! ಆಕೆ ನಕ್ಕು 'ಮೈ ಕ್ಲೈ' ಅಂದಳು. ಮೈ ಅಂದರೆ ಇಲ್ಲ. ದೂರ ಇಲ್ಲ ಅಂದಳೋ ಹತ್ತಿರ ಇಲ್ಲ ಅಂದಳೋ? ನಾನು ಬಿಸಿಲಿನಲ್ಲಿ ನಿಂತು ಆ ಪದವನ್ನು ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ಕೇಳಿಸಿಕೊಂಡು, 'ಹತ್ತಿರ ಇಲ್ವಂತೆ' ಅಂತ ಮನೆಯವರಿಗೆ ಅನುವಾದ ಮಾಡಿದೆ. ಟುಕ್‌ಟುಕ್ ಹತ್ತಿದೆವು. ಪುಣ್ಯಾತ್ಮ ನಮಗೆ ನದಿ ತೋರಿಸಿದ, ಮಾರ್ಕೆಟ್ ತೋರಿಸಿದ, ಮತ್ತೆ ನದಿ ತೋರಿಸಿ ದೇವಸ್ಥಾನದ ಬಾಗಿಲಲ್ಲಿ ಇಳಿಸಿದ. ದುಡ್ಡು ಕೊಟ್ಟು ತಿರುಗಿದ ನಮ್ಮವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, 'ಆ ಬಿಳಿ ಗೋಡೆ ಎಲ್ಲೋ ನೋಡಿದ ಹಾಗಿದೆಯಲ್ಲ' ಅಂದರು. ಅರಮನೆಯ ಗೋಡೆ. ಊಟ ಮುಗಿಯುವವರೆಗೂ ಅವರು ಬೇರೆ ಏನೂ ಹೇಳಲಿಲ್ಲ. ಆಮೇಲೆ ಹೇಳಿದ್ದು ಇಷ್ಟೇ: 'ನಾಳೆಯಿಂದ ನಾನು ಕೈಸನ್ನೆಯಲ್ಲಿ ಕೇಳ್ತೀನಿ ಕಣೇ.'

ವಾಪಸ್ ಬಂದ ಮೇಲೆ ಹಟ ಇನ್ನೂ ಜಾಸ್ತಿಯಾಯಿತು. ಹಳದಿ ಚೀಟಿಗಳ ಮೇಲೆ ಥಾಯ್‌ನಲ್ಲಿ ಬರೆದು ಮನೆಯ ಸಾಮಾನುಗಳಿಗೆಲ್ಲ ಅಂಟಿಸಿದೆ. ಫ್ರಿಜ್ ಮೇಲೆ ಫ್ರಿಜ್ ಅಂತ, ಮುಂಬಾಗಿಲಿನ ಮೇಲೆ 'ಪ್ರತೂ', ಅಂದರೆ ಬಾಗಿಲು ಅಂತ. ಪಕ್ಕದ ಮನೆ ಆಂಟಿ ಸಕ್ಕರೆ ಕೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಆ ಸುಳಿ ಸುಳಿ ಅಕ್ಷರವನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು.

'ಯಾವ ಮಠದ್ದಮ್ಮಾ ಯಂತ್ರ?'

'ಯಂತ್ರ ಅಲ್ಲ ಆಂಟಿ, ಥಾಯ್‌ಲ್ಯಾಂಡಿಂದು.'

ಹಾಗೆ ಹೇಳಿದ್ದು ಇನ್ನೂ ಎಡವಟ್ಟಾಯಿತು. 'ಅಷ್ಟು ದೂರದಿಂದ ತಂದಿದ್ದಾ! ಅದಕ್ಕೇ ಮತ್ತೆ, ನಿಮ್ಮನೆಗೆ ನೀರಿನ ಟ್ಯಾಂಕರ್ ಹೇಳಿದ ಟೈಮಿಗೆ ಬರುತ್ತೆ' ಅಂದರು. ನಮಗೂ ಒಂದು ಬೇಕು, ಮುಂಬಾಗಿಲಿಗೆ, ರಾಹುಕಾಲ ಕಳೆದ ಮೇಲೆ ಬರೆದರೆ ಸಾಕು ಅಂತ ಹಟ ಹಿಡಿದರು. ನಾನು ಎಷ್ಟು ಬಿಡಿಸಿ ಹೇಳಿದರೂ 'ನಿಮ್ಮಂಥೋರು ಹಾಗೇ ಅನ್ನೋದು' ಅಂತ ಕೈ ಮುಗಿದರು. ಅತ್ತೆಯೂ ಒಳಗಿನಿಂದ 'ಬರೆದುಕೊಡಮ್ಮ, ಗಂಟೇನು ಹೋಗುತ್ತೆ' ಅಂದರು. ಅವರು ಕೇಳಿದ್ದು ಬಾಗಿಲಿಗೆ, ಚೀಟಿಯಲ್ಲಿ ಇರುವುದೂ ಬಾಗಿಲು. ಬರೆದುಕೊಟ್ಟೆ. ಅದಕ್ಕೀಗ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಬಿದ್ದಿದೆ, ಟ್ಯಾಂಕರ್ ಕೂಡ ಸರಿಯಾಗಿ ಬರುತ್ತಿದೆಯಂತೆ. ಎದುರು ಮನೆಯವರು ನಿನ್ನೆ ಬಂದು, ಫ್ರಿಜ್ ಮೇಲಿರುವುದು ಯಾವುದಕ್ಕೆ ಒಳ್ಳೆಯದು ಅಂತ ವಿಚಾರಿಸಿಕೊಂಡು ಹೋದರು.